ಕಣ್ಣಿಗೆ ಕಾಣದ ಎರಡನೇ ಗಂಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಎರಕದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಅಳತೆಗೆ ಸಿಗದ ಯಾವುದನ್ನೂ ನಂಬುವ ಅಭ್ಯಾಸ ನನಗಿರಲಿಲ್ಲ. ಆದರೂ ಎಂಬತ್ತರ ದಶಕದ ಕೊನೆಯಲ್ಲಿ ನಡೆದ ಇದೊಂದನ್ನು ಹೇಳಿಬಿಡುತ್ತೇನೆ, ನೀವು ನಕ್ಕರೂ ಸರಿ.

ಹತ್ತಿರದ ಬೇರಿಕೆ ಊರಿನಲ್ಲಿದ್ದ ನನ್ನ ಅಕ್ಕ ಸಾಕಮ್ಮನಿಗೆ ಕರುಳಿನ ಕ್ಯಾನ್ಸರ್ ಆಗಿ, ಆಪರೇಷನ್ ಮುಗಿದು ವರ್ಷವಾಗಿತ್ತು. ಈಗ ಅದು ಲಿವರಿಗೂ ಹರಡಿದೆ ಎಂದರು. ಬೆಂಗಳೂರಿನ ಡಾಕ್ಟರು ಹೊಟ್ಟೆಗೆ ಸಣ್ಣ ತೂತು ಮಾಡಿ, ಕೊಳವೆ ಇಳಿಸಿ ಇಣುಕಿ ನೋಡಿದರು. ಕಂಡದ್ದು ಒಂದೇ ಗಂಟು. ತೆಗೆಯಬಹುದು, ಆದರೆ ಹೊಟ್ಟೆಯನ್ನು ಪೂರ್ತಿ ತೆರೆಯಬೇಕು ಎಂದರು.

ಅಕ್ಕ ಒಪ್ಪಲಿಲ್ಲ. "ಆ ತೂತ್ನಾಗೆ ನೋಡಕಾಯ್ತದೆ, ತೆಗ್ಯಾಕಾಗಲ್ವಾ ಸಾಮಿ? ಹೋದ್ಸಲ ಕುಯ್ದು ಹೊಲ್ದಿದ್ಕೇ ಹೊಟ್ಟೆ ಗೋಣಿಚೀಲ ಆಗ್ಬುಟ್ಟೈತೆ!"

ಡಾಕ್ಟರು ನಕ್ಕುಬಿಟ್ಟರು. "ತೂತಿನಲ್ಲಿ ನನ್ನ ಕಣ್ಣು ಹೋಗುತ್ತೆ ತಾಯಿ, ಕೈ ಹೋಗಲ್ಲ."

ಅಕ್ಕ ಊರಿಗೆ ವಾಪಸಾಗಿ ಎರಡು ದಿನ ತೋಟದಲ್ಲೇ ಕಳೆದಳು. ಆಮೇಲೆ ನನ್ನನ್ನು ಕರೆದು, "ನೀನೇನಂತೀಯ್ಲಾ?" ಎಂದಳು. "ಕುಯ್ಯಿಸ್ಕೊಳ್ಳಕ್ಕ" ಎಂದುಬಿಟ್ಟೆ. ಹೇಳಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಹೆಚ್ಚುಕಡಿಮೆಯಾದರೆ ಭಾವನಿಗೆ ಹೇಗೆ ಮುಖ ತೋರಿಸಲಿ?

ಆಪರೇಷನ್ ದಿನ ನನಗೆ ರಜೆ ಸಿಗಲಿಲ್ಲ. ಭಾವ ಆಸ್ಪತ್ರೆಯಲ್ಲಿದ್ದರು. ನಾನು ಕಾರ್ಖಾನೆಯಲ್ಲಿ ಎರಕದ ತುಂಡೊಂದನ್ನು ಹಿಡಿದು ಬೆರಳಾಡಿಸುತ್ತಿದ್ದೆ. ಅದರ ಹಿಂಭಾಗದಲ್ಲಿ ಅವರೆಕಾಳಿನಷ್ಟು ಗಂಟು ಬೆರಳಿಗೆ ತಗುಲಿತು. ಬೆಚ್ಚಗಿತ್ತು. ಒತ್ತಿದರೆ ಕೊಂಚ ಜಾರಿತು. ಕಬ್ಬಿಣ ಹಾಗೆ ಜಾರುತ್ತದೆಯೇ? ತಿರುಗಿಸಿ ನೋಡಿದರೆ ಕಣ್ಣಿಗೆ ಏನೂ ಕಾಣಲಿಲ್ಲ. ಪಕ್ಕದ ಮೇಜಿನ ಮುನಿರಾಜನನ್ನು ಕರೆದೆ.

ಅವನು ಎರಡೆರಡು ಸಲ ಸವರಿದ. "ಏನೂ ಇಲ್ವಲ್ಲಣ್ಣ, ನುಣ್ಗೈತೆ. ಅಕ್ಕನ್ ಚಿಂತೇಲಿ ನಿಂಗೆ ತಲೆ ಕೆಟ್ಟೈತೆ. ಹೋಗು, ಒಂದ್ ಟೀ ಕುಡ್ಕಂಬಾ."

ಮತ್ತೆ ಮುಟ್ಟಿದೆ. ಗಂಟು ಇರಲಿಲ್ಲ. ತುಂಡಿನ ಜೊತೆ ಕಟ್ಟುವ ಚೀಟಿಯಲ್ಲಿ ಪರೀಕ್ಷಿಸಿದ ವೇಳೆ ಬರೆಯಬೇಕು. ಹನ್ನೊಂದೂಕಾಲು ಎಂದು ಬರೆದೆ.

ಸಂಜೆ ಬಸ್ಸು ಹತ್ತಿ ಆಸ್ಪತ್ರೆಗೆ ಓಡಿದೆ. ಡಾಕ್ಟರು ಸಿಕ್ಕಿದ್ದೇ, "ಚೆನ್ನಾಗಾಯ್ತು. ಕಂಡಿದ್ದ ಗಂಟು ತೆಗೆದ್ವಿ. ಲಿವರಿನ ಹಿಂದುಗಡೆ ಇನ್ನೊಂದು ಅಡಗಿತ್ತು, ಅವರೆಕಾಳಿನಷ್ಟು. ಕೊಳವೇಲಿ ಕಂಡಿರಲಿಲ್ಲ, ಕೈ ಹಾಕಿದಾಗ ಬೆರಳಿಗೆ ಸಿಕ್ತು. ಅದನ್ನೂ ತೆಗೆದುಬಿಟ್ವಿ" ಎಂದರು.

"ಎಷ್ಟು ಹೊತ್ತಿಗೆ ಸಾರ್?" ಎಂದೆ.

"ಹನ್ನೊಂದು ದಾಟಿತ್ತು. ಯಾಕೆ?"

ಕೈ ಮುಗಿದು ಅಕ್ಕನನ್ನು ನೋಡಲು ಹೋದೆ.

ಚಿಂತೆಯಲ್ಲಿದ್ದೆ, ಭ್ರಮೆಯಾಗಿರಬೇಕು ಎಂದು ಅಂದಿನಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಗಂಟೊಂದು ಸಿಕ್ಕಂತೆ ಭ್ರಮೆಯಾಗಬಹುದು, ಒಪ್ಪುತ್ತೇನೆ. ಅದೇ ಗಾತ್ರ, ಅದೇ ಜಾಗ, ಅದೇ ಹೊತ್ತು ಎಲ್ಲಿಂದ ಬಂದವು? ನನಗಂತೂ ಇವತ್ತಿಗೂ ತಿಳಿದಿಲ್ಲ.

ಅಕ್ಕನಿಗೆ ಇದನ್ನು ಹೇಳಿದ್ದು ಎರಡು ವರ್ಷದ ಮೇಲೆ, ಅವಳ ಟೊಮೆಟೊ ತೋಟದಲ್ಲಿ. ಸೆರಗಿನಲ್ಲಿದ್ದ ಹಣ್ಣನ್ನೆಲ್ಲ ಚೆಲ್ಲಿಕೊಂಡು, ಹೊಟ್ಟೆ ಹಿಡಿದು ನಕ್ಕಳು.

"ಅಂಗಾರೆ ನನ್ನೊಟ್ಟೆಗೆ ನೀನೂ ಕೈ ಆಕಿದ್ದೆ ಅನ್ನು! ಕೈ ತೊಳ್ಕಂಡಿದ್ಯೇನ್ಲಾ?"