ಕರೆಂಟು ಹೋದ ಮೇಲೆ ಹೊರಳಿದ ಗಾಡಿ

ದೆವ್ವ, ಭೂತ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ "ಮೊದಲು ಫ್ಯೂಸ್ ನೋಡಿದಿರೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವನಲ್ಲವೇ, ಹಾಗೆ ಕೇಳುವ ಹಕ್ಕು ನನಗಿದೆ ಎಂದೇ ತಿಳಿದಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಇಪ್ಪತ್ತು ವರ್ಷದ ಹತ್ತಿರದ ಮಾತು. ಆಗ ನನಗೊಂದು ಹುಚ್ಚು ಹಿಡಿದಿತ್ತು. ಎರಡು ದೀಪಗಳು ಬೇರೆ ಬೇರೆ ವೇಗದಲ್ಲಿ ಮಿಣುಕುತ್ತಿದ್ದರೆ, ಮನುಷ್ಯ ಯಾವ ದೀಪವನ್ನು ನೋಡುತ್ತಾನೋ ಅದರ ವೇಗವೇ ಅವನ ಮಿದುಳಿನ ಸಂಕೇತದಲ್ಲೂ ಕಾಣಿಸುತ್ತದೆ. ತಲೆಯ ಹಿಂಭಾಗಕ್ಕೆ ತಂತಿ ಅಂಟಿಸಿ ಆ ಸಂಕೇತವನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ಒಂದು ಪುಟ್ಟ ರೋಬೋಟ್ ಗಾಡಿಯನ್ನು ಎಡಕ್ಕೋ ಬಲಕ್ಕೋ ಓಡಿಸುತ್ತದೆ. ಕೈ ಬೇಡ, ಬಾಯಿ ಬೇಡ, ನೋಡಿದರೆ ಸಾಕು.

ಅದೇ ಹೊತ್ತಿಗೆ ಹುಕ್ಕೇರಿ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಲಕ್ವಾ ಹೊಡೆದು ಮಲಗಿದರು. ಕೈಕಾಲು, ಮಾತು ಎಲ್ಲ ಹೋಗಿ ಕಣ್ಣಷ್ಟೇ ಉಳಿದಿತ್ತು. ನಮ್ಮದು ಜೈನರ ಮನೆತನ. ಕೊನೆಗಾಲ ಬಂತೆಂದು ತಿಳಿದವರು ತಾವಾಗಿಯೇ ಅನ್ನ ನೀರು ಬಿಡುವ ಸಲ್ಲೇಖನ ವ್ರತ ನಮ್ಮಲ್ಲುಂಟು. ಮೈ ಗಟ್ಟಿಯಿದ್ದಾಗಲೇ ಕಾಕಾ ಅದನ್ನು ಬಯಸಿದ್ದರೆಂದು ಅವರ ಅಕ್ಕ, ನನ್ನ ಸೋದರತ್ತೆ, ಪಟ್ಟು ಹಿಡಿದಿದ್ದಳು. ಆದರೆ ಒಪ್ಪಿಗೆಯನ್ನು ವ್ರತ ಹಿಡಿಯುವವರೇ ಹೇಳಬೇಕು. ಬೇರೆಯವರು ಹೇಳಿದರೆ ಅದು ವ್ರತವಲ್ಲ, ಉಪವಾಸ ಕೆಡವಿದಂತೆ. ಕಾಕಾರ ಕಣ್ಣಿನ ಸನ್ನೆಗೆ ಮನೆಯವರು ತಲೆಗೊಂದು ಅರ್ಥ ಹೇಳುತ್ತಿದ್ದರು. ಇದರ ನಡುವೆ ಕಾಕು ದಿನವೂ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು, ದಿನವೂ ಅಳುತ್ತಿದ್ದಳು.

"ನೀ ಏನೋ ಮಷೀನ್ ಮಾಡಿಯಂತಲ್ಲಪಾ," ಎಂದಳು ಒಂದು ದಿನ. "ಅವರನ್ನ ಒಂದ್ ಮಾತ್ ಕೇಳಿಬಿಡು. ಊಟ ಬೇಕೋ ಬ್ಯಾಡೋ, ಅಷ್ಟ ಕೇಳು."

ಆಗದು ಎನ್ನಬೇಕಿತ್ತು. ಪ್ರದರ್ಶನಕ್ಕೆಂದು ಮಾಡಿದ ಸಾಮಾನಿಗೆ ಒಬ್ಬರ ಪ್ರಾಣದ ತೀರ್ಮಾನ ಒಪ್ಪಿಸುತ್ತಿದ್ದೇನೆಂದು ಹೊಳೆಯದೆ ಹೂಂ ಅಂದೆ. ನನ್ನ ಜಂಬ ನೋಡಿ.

ಭಾನುವಾರ ಗೋಕಾಕದಿಂದ ಡಬ್ಬದಂಥ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಹಾಗಾಗಿ ಅಷ್ಟರೊಳಗೆ ಮುಗಿಸಬೇಕಿತ್ತು. ಮಂಚದೆದುರು ಹಲಗೆಗೆ ಎರಡು ದೀಪ ಸಿಕ್ಕಿಸಿದೆ. ನೆಲದ ಮೇಲೆ ಬಲಕ್ಕೆ ಗಂಜಿಯ ಬಟ್ಟಲು, ಎಡಕ್ಕೆ ಕಾಕಾರ ಜಪಮಾಲೆ, ನಡುವೆ ಗಾಡಿ.

"ಕಾಕಾ, ಊಟ ಬೇಕಾದ್ರ ಬಲಗಡೆ ದೀಪ ನೋಡ್ರಿ. ವ್ರತ ಬೇಕಾದ್ರ ಎಡಗಡೆದು," ಎಂದೆ. ಮೂರು ಸಲ ಕೇಳುವುದು, ಮೂರೂ ಸಲ ಒಂದೇ ಉತ್ತರ ಬಂದರೆ ಮಾತ್ರ ಒಪ್ಪುವುದು ಎಂದು ಮಾತಾಗಿತ್ತು.

ಗಾಡಿ ಮಿಸುಕಲಿಲ್ಲ. ಕಂಪ್ಯೂಟರಿನಲ್ಲಿ ಗೆರೆಗಳೆಲ್ಲ ಚೆಲ್ಲಾಪಿಲ್ಲಿ. ನೋಡಿದರೆ, ಇವತ್ತು ದೊಡ್ಡ ಕೆಲಸವಿದೆಯೆಂದು ಕಾಕು ಬೆಳಿಗ್ಗೆಯೇ ಅವರ ತಲೆಗೆ ಹರಳೆಣ್ಣೆ ತಟ್ಟಿದ್ದಳು. ತಂತಿ ಕೂಡಬೇಕಾದ ಜಾಗದಲ್ಲಿ ಎಣ್ಣೆಯೋ ಎಣ್ಣೆ! ಸೀಗೆಕಾಯಿ ಹಚ್ಚಿ ತೊಳೆದು ಒರೆಸುವಷ್ಟರಲ್ಲಿ ಬಿಸಿಲು ಗೋಡೆ ಏರಿತ್ತು.

ಮತ್ತೆ ಕೇಳಿದೆ. ಗಾಡಿ ಬಲಕ್ಕೆ ಹೊರಳಿ ಬಟ್ಟಲ ಹತ್ತಿರ ನಿಂತಿತು. ಎರಡನೇ ಸಲವೂ ಬಲಕ್ಕೆ. ಅತ್ತೆ ಎದ್ದು ಹೊರಗೆ ಹೋದಳು. ಕಾಕು "ಗಂಜಿ ಆರೇತಿ, ಬಿಸಿ ಮಾಡ್ಕೊಂಡ ಬರ್ತೇನಿ," ಎಂದು ಬಟ್ಟಲೆತ್ತಿಕೊಂಡು ಒಳಗೆ ಓಡಿದಳು. ಮೂರನೇ ಸಲ ಕೇಳಲೆಂದು ಗಾಡಿಯನ್ನು ನಡುವೆ ತಂದಿಟ್ಟೆ. ಆಗ ಕರೆಂಟು ಹೋಯಿತು.

ದೀಪಗಳು ಆರಿದವು, ಕಂಪ್ಯೂಟರೂ ಆರಿತು. ಗಾಡಿಗೆ ತನ್ನದೇ ಬ್ಯಾಟರಿ ಇತ್ತು ನಿಜ, ಆದರೆ ಕಂಪ್ಯೂಟರ್ ಹೇಳದೆ ಅದು ಕದಲುವಂತಿರಲಿಲ್ಲ. ಇನ್ನೇನೂ ಆಗದೆಂದು ಕಾಕಾರ ತಲೆಯ ತಂತಿಗಳನ್ನು ಬಿಚ್ಚಿದೆ. ಅಷ್ಟರಲ್ಲಿ ಕೆಳಗೆ ಗರ್ ಎಂದಿತು. ಗಾಡಿ ಎಡಕ್ಕೆ ಹೊರಳಿತು, ನಿಧಾನವಾಗಿ ಹೋಗಿ ಜಪಮಾಲೆಯನ್ನು ಮುಟ್ಟಿ ನಿಂತಿತು. ತಲೆಯೆತ್ತಿದೆ. ಕಾಕಾ ಹಲಗೆಯನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕಾಕುವಿನ ಬಳೆಯ ಸದ್ದು ಹತ್ತಿರವಾಯಿತು. ಗಾಡಿಯನ್ನೆತ್ತಿ ಚೀಲಕ್ಕೆ ತುರುಕಿದೆ.

"ಮೂರನೇ ಸಲಾನೂ ಕೇಳಿದೇನ?" ಎಂದಳು.

"ಹೂಂ ಕಾಕು. ಊಟಾನ ಬೇಕಂತ."

ಆಮೇಲೆ ನಾನು ಮಾಡದ ಪರೀಕ್ಷೆಯಿಲ್ಲ. ನೆಲ ಇಳಿಜಾರೇನೋ ಎಂದು ಇನ್ನೊಮ್ಮೆ ಹೋದಾಗ ಗೋಲಿ ಉರುಳಿಸಿ ನೋಡಿದೆ, ಅದು ಬಲಕ್ಕೆ ಹೋಯಿತು. ಕಾಲೇಜಿನಲ್ಲಿ ಮತ್ತೆ ಮತ್ತೆ ಕರೆಂಟು ತೆಗೆದು ನೋಡಿದೆ, ಗಾಡಿ ಒಮ್ಮೆಯೂ ಅಲುಗಲಿಲ್ಲ. ಎಲ್ಲೋ ತಂತಿ ಸಡಿಲವಾಗಿದ್ದಿರಬಹುದು. ಹಾಗೇ ಆಗಿರಲಿ ಎಂದು ಎಷ್ಟು ಆಸೆಪಟ್ಟಿದ್ದೇನೋ.

ಕಾಕಾ ಇನ್ನೂ ಎರಡು ವರ್ಷ ಹಾಗೇ ಮಲಗಿದ್ದರು. ಬೆನ್ನೆಲ್ಲ ಹುಣ್ಣಾಗಿತ್ತು. ನಾನು ಹೋದಾಗಲೆಲ್ಲ ಕಾಕು ಅವರ ಬಾಯಿಗೆ ಚಮಚ ಇಡುತ್ತ, "ಇಂವಾ ಬಂದು ಕೇಳ್ದಿದ್ರ ನಾವು ಎಂಥಾ ಪಾಪಾ ಕಟ್ಕೋತಿದ್ವೋ," ಎನ್ನುತ್ತಿದ್ದಳು. ಕಾಕಾ ನುಂಗುತ್ತಿದ್ದರು, ಕಣ್ಣು ಮಾತ್ರ ನನ್ನ ಮೇಲೆಯೇ ಇರುತ್ತಿತ್ತು. ಅದರಲ್ಲಿ ಏನಿತ್ತೆಂದು ಓದುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು. ಕಾಕು ಇದ್ದಾಳೆ, ಈಗಲೂ ಬಂದವರೆದುರು ನನ್ನನ್ನು ಹೊಗಳುತ್ತಾಳೆ. ಅವಳಿಗೆ ನಾನಿನ್ನೂ ಹೇಳಿಲ್ಲ.