ಹೊಳೆ ದಂಡೆಯ ಸೀರೆ

ಆಕೆಯ ಮೇಲಿನ ಮುಂಬಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ದಾರ ಕಡಿದೂ ಕಡಿದೂ ಹಲ್ಲೇ ಸವೆದು ಬಿದ್ದ ಕಚ್ಚು. ಹೊಲಿಗೆಯ ಸಾಲು ಮುಗಿದಾಗ ಬಗ್ಗಿ, ದಾರವನ್ನು ಆ ಕಚ್ಚಿಗೆ ಸರಿಯಾಗಿ ಕೂರಿಸಿ, ಟಕ್ಕೆಂದು ಕಡಿಯುತ್ತಿದ್ದಳು. ಮಾತೂ ಹಾಗೇ, ಅದೇ ಬಾಯಿಂದ ಅದೇ ಸದ್ದಿನಲ್ಲಿ ಬರುತ್ತಿತ್ತು. ಊರಿಗೆಲ್ಲ ಆಕೆ ಕೌದಿ ಆಯಿ. ಹರಿದ ಸೀರೆ, ಧೋತರ, ಹಳೆ ಅಂಗಿಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ಹಾಸಲು ಹೊದೆಯಲು ಕೌದಿ ಹೊಲಿದುಕೊಡುವುದು ಆಕೆಯ ಕೆಲಸ. ಇವತ್ತು ನಾನು ಗೋಕಾಕದಲ್ಲಿ ಒಂದು ಮಾಳಿಗೆ ಕೋಣೆ ಹಿಡಿದು, ಹಳೆ ಬಟ್ಟೆಯಲ್ಲಿ ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಹೊಲಿಯುತ್ತೇನೆ; ಜನ ನನ್ನನ್ನು ಕಲಾವಿದೆ ಎನ್ನುತ್ತಾರೆ. ನನಗೆ ಸೂಜಿ ಹಿಡಿಯಲು ಕಲಿಸಿದವಳು ಆಕೆ. ಪ್ರೀತಿಯಿಂದ ಕಲಿಸಿದಳು ಎಂದು ಬರೆದರೆ ಎದ್ದು ಬಂದು ಮುಖಕ್ಕೆ ಉಗಿದಾಳು.

ನಮ್ಮೂರು ಗೋಕಾಕದಿಂದ ಹುಕ್ಕೇರಿ ಕಡೆ ಹೋಗುವಾಗ ಒಳಗೆ, ಘಟಪ್ರಭಾ ಹೊಳೆಯ ದಂಡೆಗೆ. ನನ್ನ ಹನ್ನೊಂದನೆಯ ವಯಸ್ಸಿಗೆ ಅವ್ವ ಜ್ವರ ಬಂದು ತೀರಿಕೊಂಡಳು. ಮೂರನೆಯ ದಿನ ಅಪ್ಪ ಅವಳ ಹಾಸಿಗೆ, ಸೀರೆಗಳನ್ನೆಲ್ಲ ಗಂಟು ಕಟ್ಟಿದ. ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು, ಹೊಳೆ ದಂಡೆಗೆ ಒಯ್ದು ಎಸೆದು ಬರಬೇಕು ಎಂಬುದು ನಮ್ಮೂರಿನ ಪದ್ಧತಿ. ಹಸಿರು ಇಳಕಲ್ ಸೀರೆ ಒಂದನ್ನಾದರೂ ಇಟ್ಟುಕೊಳ್ಳುತ್ತೇನೆಂದು ನಾನು ಗಂಟಿಗೆ ಜೋತುಬಿದ್ದೆ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಆ ಸೀರೆಗೆ ಒಲೆಯ ಕಿಡಿ ಹಾರಿ ಉಗುರಗಲ ತೂತು ಬಿದ್ದಿತ್ತು. ಮನೆಯಲ್ಲಿ ಹಸಿರು ದಾರವಿಲ್ಲದೆ ಅವ್ವ ಅದನ್ನು ಹಳದಿ ದಾರದಲ್ಲಿ ಹೆಣೆದಿದ್ದಳು. ಅವಳ ಮುಖಕ್ಕಿಂತ ಆ ಹಳದಿ ಹೊಲಿಗೆ ನನಗೆ ಹೆಚ್ಚು ನೆನಪಿದೆ.

ನಾನು ಮಾತು ಬಿಟ್ಟು ಮೂಲೆ ಹಿಡಿದಿದ್ದು ನೋಡಲಾಗದೆ ದೊಡ್ಡವ್ವ ಎರಡು ವರ್ಷದ ಮೇಲೆ ನನ್ನನ್ನು ಕೌದಿ ಆಯಿಯ ಹತ್ತಿರ ಕಳಿಸತೊಡಗಿದಳು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲೇ. ಆಯಿ ಮೊದಲ ದಿನ ಹೇಳಿದ್ದು ಒಂದೇ ಶಬ್ದ: "ಬಿಚ್ಚು." ಆರು ತಿಂಗಳು ಹಳೆ ಕೌದಿಗಳನ್ನು ಬಿಚ್ಚಿಸಿದಳು. ಆಮೇಲೆ ನಾನು ಹೊಲಿದದ್ದನ್ನು ಬಿಚ್ಚಿಸಿದಳು. ಒಮ್ಮೆ ಇಡೀ ವಾರ ಕೂತು ಹೊಲಿದ ಅಂಚನ್ನು ನೋಡಿ, "ಕುಂಟ ಎಮ್ಮಿ ಹೋದಂಗ ಐತಿ," ಎಂದು ಕತ್ತರಿ ಹಾಕಿದಳು. ಅತ್ತರೆ ಬಟ್ಟೆ ಕಸಿದುಕೊಳ್ಳುತ್ತಿದ್ದಳು. ಬಟ್ಟೆಗೆ ಕಲೆ ಬೀಳುತ್ತದೆ ಎಂಬುದು ಆಕೆಯ ಕಾಳಜಿ.

ಆದರೆ ಕಣ್ಣು ಕೊಟ್ಟವಳೂ ಆಕೆಯೇ. ಯಾವ ತುಂಡಿನ ಬಾಜೂ ಯಾವ ತುಂಡು ಇಡಬೇಕೆಂದು ಕೇಳಿದರೆ ಬಾಗಿಲಾಚೆ ಬೆರಳು ತೋರಿಸುತ್ತಿದ್ದಳು. "ಬಿಳಿ ಜ್ವಾಳದ ಬಾಜೂ ಏನೈತಿ? ಕರಿ ಮಣ್ಣು. ಕರಿ ಮಣ್ಣಿನ ಅಂಚಿಗಿ ಏನೈತಿ? ಕುಸಬಿ. ಹಂಗ ಇಡು. ನೀ ಏನ್ ಹೊಸಾದ ಹುಟ್ಟಸಾಕಿ?" ಮೂಡಲಗಿ ಸಂತೆಗೆ ಕರೆದೊಯ್ದರೆ ಮೆಣಸಿನಕಾಯಿ ರಾಶಿಯ ಮುಂದೆ ನಿಲ್ಲಿಸಿ ಕೆಂಪಿನಲ್ಲಿ ಎಷ್ಟು ಕೆಂಪಿವೆ ಎಂದು ಎಣಿಸಲು ಹೇಳುತ್ತಿದ್ದಳು. ಶಾಲೆಯ ನೀಲಿ ಸಮವಸ್ತ್ರ, ಹರಿದ ಛತ್ರಿಯ ಬಟ್ಟೆ, ಕುರಿಗಾರರ ಸವೆದ ಕಂಬಳಿ, ಚುನಾವಣೆ ಮುಗಿದ ಮೇಲಿನ ಬ್ಯಾನರು, ಯಾವುದನ್ನೂ ಆಕೆ ಬಿಟ್ಟವಳಲ್ಲ.

ಆಕೆಗೆ ಬಟ್ಟೆಯ ಮೇಲಿದ್ದ ಮರ್ಯಾದೆ ಮನುಷ್ಯರ ಮೇಲೆ ಇರಲಿಲ್ಲ. ಅಂಕಲಗಿಯ ಕಡೆಯ ಒಬ್ಬ ಹೆಂಗಸು ಕೌದಿಗೆಂದು ಕೊಟ್ಟ ಬಟ್ಟೆಯಲ್ಲಿ ತೋಳು ಹರಿದ ಕುಪ್ಪಸವೊಂದಿತ್ತು. ಅದು ಸವೆದು ಹರಿದದ್ದಲ್ಲ, ಹಿಡಿದು ಜಗ್ಗಿ ಹರಿದದ್ದು. ಆಯಿ ಅದನ್ನು ಕೌದಿಯ ನಟ್ಟನಡುವೆ ಇಟ್ಟು, ಹರಿದ ಬಾಯಿ ಮೇಲೆ ಕಾಣುವಂತೆ ಕೆಂಪು ದಾರದಲ್ಲಿ ಹೊಲಿದಳು. ಆ ಹೆಂಗಸಿನ ಗಂಡ ಕೌದಿ ಹಿಡಿದುಕೊಂಡು ಜಗಳಕ್ಕೆ ಬಂದ.

"ಹರದಾಂವ ನೀ, ಹೊಲದಾಕಿ ನಾ," ಎಂದಳು ಆಯಿ, ಸೂಜಿಯಿಂದ ಕಣ್ಣೆತ್ತದೆ. "ಬ್ಯಾಡಾದ್ರ ಬಿಚ್ಚಿ ಕೊಡತೇನಿ. ನಿಮ್ಮೂರಿಗೆ ಬಂದು, ಮಂದಿ ಮುಂದ ಕುಂತ ಬಿಚ್ಚತೇನಿ. ಒಲ್ಲೆಂದ್ರ ಹೊಚ್ಚಕೊಂಡ ಮಲಕ್ಕೋ."

ಅವನು ಕೌದಿ ಮಡಚಿಕೊಂಡು ಹೋದ. ನಾನು ನಕ್ಕಿದ್ದೆ. ಆ ಹೆಂಗಸು ಅವತ್ತು ಮನೆಯಲ್ಲಿ ಏನು ಅನುಭವಿಸಿದಳೋ ಎಂದು ಆಯಿಯೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಒಂದು ದಿನ ಆಯಿ ತಾನು ದಿನಾ ಹಾಸಿಕೊಳ್ಳುವ ಕೌದಿಯನ್ನು ಬಿಸಿಲಿಗೆ ಹಾಕಲು ಹೇಳಿದಳು. ಹರಡಿದಾಗ ಬಲಮೂಲೆಯ ಹತ್ತಿರ ಒಂದು ಹಸಿರು ತುಂಡು ಕಂಡಿತು. ತುಂಡಿನ ನಡುವೆ ಉಗುರಗಲದ ಹಳದಿ ಹೆಣಿಗೆ. ಬಗ್ಗಿ ಅದರ ಮೇಲೆ ಬೆರಳಿಟ್ಟೆ.

"ಆಯಿ, ಇದು ಎಲ್ಲಿಂದ ತಂದಿ?"

"ಹೊಳಿ ದಂಡಿಯಿಂದ. ನಿಮ್ಮವ್ವನ ಸೀರಿ ಅದು."

"ಯಾಕ ತಂದಿ?"

"ಗಟ್ಟಿ ಇತ್ತು."

ಇಷ್ಟೇ. ಊರವರು ದಂಡೆಗೆ ಎಸೆದು ಬಂದ ಸತ್ತವರ ಬಟ್ಟೆಗಳನ್ನು ಆಯಿ ಹಿಂದಿನಿಂದ ಹೋಗಿ ಆರಿಸಿ, ಕುದಿನೀರಿಗೆ ಹಾಕಿ ತೊಳೆದು, ಕೌದಿಗೆ ಸೇರಿಸುತ್ತಿದ್ದಳು. ಎಷ್ಟೋ ವರ್ಷದಿಂದ. ಊರಿನ ಅರ್ಧ ಕೌದಿಗಳಲ್ಲಿ ಊರಿನ ಸತ್ತವರಿದ್ದರು. ನನಗೆ ಅದಾವುದೂ ಬೇಕಿರಲಿಲ್ಲ. ಆ ತುಂಡು ಕತ್ತರಿಸಿ ಕೊಡು ಎಂದು ಕಾಲಿಗೆ ಬಿದ್ದೆ.

"ಕತ್ತರಿ ಹಚ್ಚೂದಿಲ್ಲ. ಒಂದ ಎಳಿ ಹರೀದಂಗ ಬಿಚ್ಚಾಕ ಕಲಿ. ಕಲತ ದಿನಾ ಒಯ್ಯಿ."

ಒಂದು ವರ್ಷ ನಾನು ಹುಚ್ಚಿಯ ಹಾಗೆ ಬಿಚ್ಚಿದೆ. ಬೆರಳ ತುದಿ ಒಡೆದು ರಕ್ತ ಬಂದರೆ ಚಿಂದಿ ಸುತ್ತಿಕೊಂಡು ಬಿಚ್ಚಿದೆ. ಹದಿನೈದರ ವಯಸ್ಸಿನಲ್ಲಿ ಪರೀಕ್ಷೆ. ಆಯಿ ಒಂದು ಹಳೆ ಕೌದಿ ಮುಂದೆ ಹಾಕಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೂ ಎಳೆ ಹರಿಯಲಿಲ್ಲ. ಕೊನೆಯ ಸಾಲಿನಲ್ಲಿ ಕೈ ಅವಸರ ಮಾಡಿತು; ಬಟ್ಟೆ ಪರ್ರೆಂದಿತು.

"ಹರದಿ," ಎಂದಳು ಆಯಿ. "ಇನ್ನೊಂದ ವರ್ಷ ತಡೀ ಅಂತ ಹೇಳ ನಿಮ್ಮವ್ವಗ."

ಎದ್ದು ನೇರ ಊರ ನಳದ ಹತ್ತಿರ ಹೋದೆ. ಕೊಡ ಹಿಡಿದು ಹತ್ತು ಹನ್ನೆರಡು ಹೆಂಗಸರು ನಿಂತಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ: "ಕೌದಿ ಆಯಿ ಸತ್ತವರ ಸೀರಿ ತಂದ ಕೌದಿಗಿ ಹಾಕತಾಳ. ನಮ್ಮವ್ವನ ಸೀರಿ ನಾನ ನೋಡೇನಿ."

"ಅಯ್ಯ ಶಿವನ! ನನ್ನ ಕೂಸಿನ್ನ ಅದರ ಮ್ಯಾಲ ಮಲಗಿಸೇನೆಲ್ಲವಾ!" ಎಂದು ಒಬ್ಬಳು ಕೊಡ ಬಿಟ್ಟು ಓಡಿದಳು.

ಹೊತ್ತು ಮುಳುಗುವುದರೊಳಗೆ ಆಯಿಯ ಬಾಗಿಲಿಗೆ ಕೌದಿಗಳ ರಾಶಿ ಬಿತ್ತು. ಕೋಲಿನಲ್ಲಿ ಎತ್ತಿ ತಂದು ಎಸೆದರು, ಮೇಲೆ ಉಗುಳಿದರು. ಹತ್ತು ಹದಿನೈದು ವರ್ಷ ಅದನ್ನೇ ಹೊದ್ದು ಬೆಚ್ಚಗೆ ಮಲಗಿದ ಜನ. ಅವತ್ತೇ ಹಿರಿಯರು ಕೂಡಿ ಹೊಸ ಪದ್ಧತಿ ಮಾಡಿದರು. ಇನ್ನು ಮೇಲೆ ಸತ್ತವರ ಬಟ್ಟೆ ದಂಡೆಗೆ ಎಸೆಯುವಂತಿಲ್ಲ, ಸೀಮೆಎಣ್ಣೆ ಹಾಕಿ ಸುಡಬೇಕು.

ಆಯಿ ಹೊರಗೆ ಬಂದಳು. ಗುಂಪಿನಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಬಗ್ಗಿ ಒಂದು ಕೌದಿಯ ಅಂಚು ತಿರುವಿ, "ಇಷ್ಟ ವರ್ಷಾದ್ರೂ ಒಂದ ಹೊಲಗಿ ಬಿಟ್ಟಿಲ್ಲ, ನೋಡ್ರಿ," ಎಂದಳು ಊರವರಿಗೆ. ಆಮೇಲೆ ನನಗೆ: "ನಾಳಿ ಲಗೂ ಬಾ. ಬಿಚ್ಚೂದು ಭಾಳ ಐತಿ."

ಹೋದೆ. ನಾಚಿಕೆಯಿಂದಲ್ಲ, ಹಸಿರು ತುಂಡು ಇನ್ನೂ ಅಲ್ಲೇ ಇತ್ತು. ಆ ರಾಶಿಯನ್ನೆಲ್ಲ ನನ್ನ ಕೈಯಿಂದಲೇ ಬಿಚ್ಚಿಸಿದಳು. ಯಾಕೆ ಹೇಳಿದೆ ಎಂದು ಒಂದು ದಿನವೂ ಕೇಳಲಿಲ್ಲ, ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ಊರಲ್ಲಿ ಆಮೇಲೆ ಯಾರೂ ಆಕೆಗೆ ಒಂದು ಚಿಂದಿಯನ್ನೂ ಕೊಡಲಿಲ್ಲ. ಗಂಟು ಹೊತ್ತು ಬಸ್ಸು ಹತ್ತಿ, ಸುದ್ದಿ ಮುಟ್ಟದ ಕಲ್ಲೋಳಿ, ಮೂಡಲಗಿ ಕಡೆ ಹೋಗಿ ಟೇಲರುಗಳ ಅಂಗಡಿ ಮುಂದೆ ಕತ್ತರಿಸಿ ಬಿದ್ದ ತುಂಡು ಕೇಳುತ್ತಿದ್ದಳು. ಕೇಳಿ ಅಭ್ಯಾಸವಿಲ್ಲದ ಹೆಂಗಸು.

ನಾನು ಗೋಕಾಕ ಸೇರಿದೆ, ಹೆಸರು ಮಾಡಿದೆ. ಪತ್ರಿಕೆಯವರೊಬ್ಬರು ಬಂದು ನಿಮ್ಮ ಸ್ಫೂರ್ತಿ ಏನು ಎಂದು ಕೇಳಿದರು. "ನಮ್ಮೂರ ಹೊಲಗಳು. ಬಿಳಿ ಜೋಳದ ಪಕ್ಕ ಕರಿ ಮಣ್ಣು, ಅದರ ಅಂಚಿಗೆ ಕುಸುಬೆ," ಎಂದೆ. ಆಯಿಯ ಮಾತನ್ನು ನನ್ನದು ಮಾಡಿಕೊಂಡು ಹೇಳಿದೆ, ಆಕೆಯ ಸುದ್ದಿ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಮೂಡಲಗಿಯಿಂದ ಹಳೆ ಬಟ್ಟೆಯ ಗಂಟು ಹೇರಿಕೊಂಡು ಬರುವಾಗ ಗಾಡಿಯನ್ನು ಊರ ಕಡೆ ತಿರುಗಿಸಿದೆ. ಆಯಿಯ ಕಣ್ಣು ಹೋಗಿದ್ದವು. ಆಕೆಯನ್ನು ನೋಡಿಕೊಳ್ಳುತ್ತಿದ್ದವನು ಬೇರೆ ಊರಿಂದ ಬಂದಿದ್ದ ಆಕೆಯ ಅಣ್ಣನ ಮಗ. ಆಕೆಯ ಮುಂದೆ ಕೂತು ಒಂದು ಹಳೆ ಅಂಚನ್ನು ಬಿಚ್ಚಿದೆ. ಬೆರಳಿನಿಂದ ಎಳೆ ಎಳೆಯನ್ನೂ ತಡವಿ ನೋಡಿದಳು.

"ಈಗ ಬಂತು ಕೈ," ಎಂದಳು. ಕುಂಡೆ ಸರಿಸಿ, ತನ್ನ ಕೆಳಗಿನ ಕೌದಿ ಜಗ್ಗಿ ನನ್ನ ಕಡೆ ನೂಕಿದಳು. "ಒಯ್ಯಿ."

ನಿಜ ಹೇಳುತ್ತೇನೆ. ಕೌದಿಯಿಂದ ಉಚ್ಚೆಯ ವಾಸನೆ ಬರುತ್ತಿತ್ತು.

"ಗಾಡಿ ಮ್ಯಾಲ ಜಾಗಾ ಇಲ್ಲ ಆಯಿ. ಮುಂದಿನ ಸಲ ಒಯ್ಯತೇನಿ."

"ವಾಸನಿ ಬರತೈತಿ, ಹೌದಲ್ಲ?" ಎಂದು ನಕ್ಕಳು. ಹಲ್ಲಿನ ಕಚ್ಚು ಕಂಡಿತು. ಕೌದಿಯನ್ನು ಮತ್ತೆ ಕೆಳಗೆ ಎಳೆದುಕೊಂಡಳು.

ಎರಡು ತಿಂಗಳಿಗೆ ಅಣ್ಣನ ಮಗನ ಫೋನು ಬಂತು. ಆಯಿ ಹೋಗಿ ಮೂರು ದಿನವಾಗಿತ್ತು. ನನ್ನ ನಂಬರು ಹುಡುಕಿದ್ದೇ ತಡವಾಯಿತಂತೆ. ಅವತ್ತೇ ಊರಿಗೆ ಹೋಗಿ, ಬಾಗಿಲಲ್ಲಿ ಕಾಲಿಟ್ಟವಳೇ ಕೌದಿ ಕೇಳಿದೆ. ಆಯಿ ಹೇಗೆ ಹೋದಳೆಂದು ಆಮೇಲೆ ಕೇಳಿದೆ.

"ಇವತ್ತ ಮುಂಜಾನೆ ದಂಡಿಗೆ ಒಯ್ದು ಸುಟ್ಟ ಬಂದ್ನಿರಿ ಅಕ್ಕಾರ," ಎಂದ, ಪಾಪ, ಏನೂ ಅರಿಯದವನು. "ಮದಲ ಸುಡತಿದ್ದಿಲ್ಲಂತ, ಸುಮ್ನ ಚೆಲ್ಲಿ ಬರತಿದ್ರಂತ. ಯಾವಾಕಿನೋ ಹುಡುಗಿ ಚಾಡಿ ಹೇಳಿದ್ಲಂತರಿ ಊರಿಗೆ. ಅವಾಗಿಂದ ಸುಡೂದ ಪದ್ಧತಿ ಆಗೇತಿ."

ದಂಡೆಗೆ ಓಡಿದೆ. ಆಕೆಯ ಕೌದಿ ಗಟ್ಟಿ. ಉರಿದು ಹಾರಿಹೋಗದೆ ಹಾಸಿದ ಆಕಾರದಲ್ಲೇ ಕಪ್ಪಾಗಿ ಕೂತಿತ್ತು. ಬೂದಿಯಲ್ಲೂ ಹೊಲಿಗೆಯ ಸಾಲುಗಳು ನೆಟ್ಟಗೆ ಕಾಣುತ್ತಿದ್ದವು. ಬಲಮೂಲೆ ಹುಡುಕಿದೆ. ತುಂಡು ಅಲ್ಲೇ ಇತ್ತು, ನಡುವೆ ಉಗುರಗಲದ ಹೆಣಿಗೆಯ ಉಬ್ಬೂ ಇತ್ತು, ಬಣ್ಣ ಮಾತ್ರ ಇರಲಿಲ್ಲ. ಅವ್ವನನ್ನು ಮೊದಲ ಸಲ ಜ್ವರ ಒಯ್ದಿತು, ಈ ಸಲ ನನ್ನ ಬಾಯಿ ಮತ್ತು ನನ್ನ ಮೂಗು. ಆಯಿ ಕಲಿಸಿದ ಹಾಗೆ ಅಂಚಿನಿಂದ, ಉಸಿರು ಹಿಡಿದು, ಮೊದಲ ಹೊಲಿಗೆಗೆ ಉಗುರು ಕೊಟ್ಟೆ. ಮುಟ್ಟಿದ ಕಡೆಯೆಲ್ಲ ಪುಡಿಯಾಗಿ ಬೆರಳಿಗೆ ಹತ್ತಿತು.