ಮೇಲಿನ ಹದಿನೆಂಟು ಸ್ವರಗಳು

ಬೆರಳು ಎತ್ತಿದ ಮೇಲೂ ಕೂಗುತ್ತಲೇ ಇರುವ ಸ್ವರಕ್ಕೆ ನಮ್ಮ ಕಸುಬಿನಲ್ಲಿ ರೋಗ ಅನ್ನುತ್ತೇವೆ. ಬೀದರಿನ ನನ್ನ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಬರುವ ಪೆಟ್ಟಿಗೆಗಳಲ್ಲಿ ಅರ್ಧಕ್ಕೆ ಅದೇ ರೋಗ. ಔರಾದ್ ಕಡೆಯ ಭಜನೆಯವರು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದು, "ಇದರ ಬಾಯಿ ಮುಚ್ಚಸ್ರಿ, ದೇವರ ನಾಮ ಮುಗದ್ರೂ ಇದು ಮುಗಸವಲ್ದು" ಎನ್ನುತ್ತಾರೆ. ನಾನು ಮುಚ್ಚಳ ತೆಗೆದು, ಸಡಿಲಾದ ಸ್ಪ್ರಿಂಗ್ ಬಿಗಿ ಮಾಡಿ, ಸವೆದ ಚರ್ಮ ಬದಲಿಸಿ, ಬಾಯಿ ಮುಚ್ಚಿಸಿ ಕಳಿಸುತ್ತೇನೆ. ಇಪ್ಪತ್ತೈದು ವರ್ಷ ಇದನ್ನೇ ಮಾಡಿದವನ ತಲೆಯೊಳಗೆ ಒಂದೇ ನ್ಯಾಯ ಗಟ್ಟಿಯಾಗಿ ಕೂತಿರುತ್ತದೆ: ಬೆರಳು ಎತ್ತಿದರೆ ಸ್ವರ ನಿಲ್ಲಬೇಕು. ಆ ನ್ಯಾಯ ಹಿಡಿದುಕೊಂಡೇ ನಾನು ಒಬ್ಬ ಹೆಣ್ಣುಮಗಳ ನೌಕರಿ ಕಳೆದೆ.

ಆಕೆ ಚಿದ್ರಿಯ ಒಂದು ಖಾಸಗಿ ಶಾಲೆಯ ಸಂಗೀತ ಟೀಚರ್. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಚಿಕ್ಕವಳು, ಊರು ನನ್ನದೇ ಭಾಲ್ಕಿ. ಶಾಲೆಯಲ್ಲಿ ಒಂದು ಹಳೆಯ ಪಿಯಾನೊ ಇತ್ತು, ಗೋಡೆಗೆ ಬೆನ್ನು ಕೊಟ್ಟು ಕಪಾಟಿನಂತೆ ನಿಲ್ಲುವ ಬಗೆಯದು. ಶಾಲೆ ಕಟ್ಟಿದ ಹಿರಿಯರು ಹೈದರಾಬಾದಿನಿಂದ ತರಿಸಿದ್ದರಂತೆ. ಅದನ್ನು ಬಾರಿಸಲು ಬರುತ್ತಿದ್ದದ್ದು ಆಕೆಗೊಬ್ಬಳಿಗೇ. ಸ್ಕೂಟಿ ಜಾರಿ ಬಿದ್ದು ಬಲಗಾಲಿನ ಹರಡಿನಲ್ಲಿ ರಾಡು ಹಾಕಿದ ಮೇಲೆ ಆ ಪಾದ ಮಡಚುವುದು ನಿಂತುಹೋಯಿತು. ಪಿಯಾನೊದ ಬಲಗಡೆಯ ಪೆಡಲ್ ಒತ್ತಲು ಬೇಕಾದದ್ದು ಅದೇ ಪಾದ. ಏನಾದರೂ ಉಪಾಯ ಮಾಡಿಕೊಡಿ ಎಂದು ನನ್ನ ಅಂಗಡಿಗೆ ಬಂದು ಶಾಲೆಗೆ ಕರೆದೊಯ್ದಳು.

ಆ ಪೆಡಲ್ ಏನು ಮಾಡುತ್ತದೆ ಎಂಬುದು ನನಗೂ ಆಗ ಗೊತ್ತಿರಲಿಲ್ಲ. ಆಕೆಯೇ ಪಿಯಾನೊದ ಮುಂದಿನ ಹಲಗೆ ತೆಗೆಸಿ ತೋರಿಸಿದಳು. ಒಂದೊಂದು ಸ್ವರದ ತಂತಿಯ ಮೇಲೂ ಉಣ್ಣೆಯ ಒಂದು ಮೆತ್ತೆ ಒರಗಿಕೊಂಡಿರುತ್ತದೆ. ಅದಕ್ಕೆ ಡ್ಯಾಂಪರ್ ಅನ್ನುತ್ತಾರೆ. ಪಟ್ಟಿ ಒತ್ತಿದಾಗ ಮೆತ್ತೆ ದೂರ ಸರಿದು ತಂತಿಗೆ ಮಾತಾಡಲು ಬಿಡುತ್ತದೆ, ಬೆರಳು ಎತ್ತಿದರೆ ಮತ್ತೆ ಬಂದು ಒರಗಿ ಸುಮ್ಮನಾಗಿಸುತ್ತದೆ. ಪೆಡಲ್ ಒತ್ತಿದರೆ ಒಳಗಿನ ಒಂದು ಸನ್ನೆಕೋಲು ಎಲ್ಲ ಮೆತ್ತೆಗಳನ್ನೂ ಒಟ್ಟಿಗೆ ಎತ್ತಿ ಹಿಡಿಯುತ್ತದೆ. ಆಗ ಬಾರಿಸಿದ್ದೆಲ್ಲ ಒಂದರೊಳಗೊಂದು ಕಲೆತು ಹರಿಯುತ್ತದೆ.

"ಅಂದ್ರ ಬೆರಳು ತೆಗೆದ್ರೂ ನಿಲ್ಲೋದಿಲ್ರಿ?" ಎಂದೆ.

"ಅದರ ಸಲುವಾಗೇ ಪೆಡಲ್ ಇರೋದು ಅಣ್ಣಾ. ಅದಿಲ್ದ ಬಾರಿಸಿದ್ರ ಕಾಳು ಚೆಲ್ಲಿದಂಗ ಆಗ್ತದ."

ಎಡಗಾಲಿನಿಂದ ಒತ್ತಿ ನೋಡಿದ್ದಳಂತೆ. ಮೈಯೆಲ್ಲ ಸೊಟ್ಟಗಾಗಿ ಬಲಗೈ ಮೇಲಿನ ಪಟ್ಟಿಗಳಿಗೆ ಮುಟ್ಟುತ್ತಿರಲಿಲ್ಲ. ಶಾಲೆಯ ಕಾರ್ಯದರ್ಶಿ ಒಂದು ದಿನ ಗೊತ್ತು ಮಾಡಿ ಹೇಳಿಬಿಟ್ಟಿದ್ದರು: ಇನ್ನೊಂದು ವಾರ ಬಿಟ್ಟು ಬರುವ ಸೋಮವಾರ ಕಮಿಟಿಯ ಎದುರು ಬಾರಿಸಿ ತೋರಿಸಬೇಕು. ಆಗದಿದ್ದರೆ ಪಿಯಾನೊ ಮಾರಿ, ಕೀಬೋರ್ಡ್ ತರಿಸಿ, ಅದನ್ನು ಬಾರಿಸುವವರನ್ನೇ ಇಟ್ಟುಕೊಳ್ಳುತ್ತಾರೆ. ಆಕೆ ಹದಿನಾರು ವರ್ಷ ಅಲ್ಲಿ ದುಡಿದವಳು. ಬೇರೆ ಶಾಲೆಗಳಲ್ಲಿ ಪಿಯಾನೊ ಇಲ್ಲ.

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಅಂಗಡಿಗೆ ಕೀಲಿ ಹಾಕಿ, ಅರ್ಧ ದಾರಿ ಹೋಗಿ, ತಿರುಗಿ ಬಂದು ಕೀಲಿ ಜಗ್ಗಿ ನೋಡುವವನು ನಾನು. ಜಗ್ಗಿದ್ದರಿಂದ ಸಡಿಲಾಯಿತೇನೋ ಎಂದು ಇನ್ನೊಮ್ಮೆ ಬರುತ್ತೇನೆ. ಹಾಗಾಗಿ ಮೂರು ದಿನ ಆಕೆಯ ಹರಡಿನ ಚಿಂತೆ ಮಾಡಿದೆ. ನಾಲ್ಕನೆಯ ದಿನ ಔರಾದಿಗೆ ಒಂದು ಭಜನೆಯ ಪೆಟ್ಟಿಗೆ ಮುಟ್ಟಿಸಲು ಹೋದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಮುದಿ ದರ್ಜಿಯ ಅಂಗಡಿಯ ಮುಂದೆ ಕಾಲು ನಿಂತವು. ಆತ ದೊಡ್ಡ ಮೋಟಾರು ಮಷಿನ್ ಮೇಲೆ ಪ್ಯಾಂಟು ಹೊಲಿಯುತ್ತಿದ್ದ. ಎರಡೂ ಕೈ ಬಟ್ಟೆಯ ಮೇಲಿದ್ದವು. ಬಟ್ಟೆ ತಿರುಗಿಸುವಾಗ ಮೊಣಕಾಲಿನಿಂದ ಪಕ್ಕಕ್ಕೆ ಒಂದು ಕಬ್ಬಿಣದ ತಟ್ಟೆ ದೂಡುತ್ತಿದ್ದ. ಅದರೊಂದಿಗೆ ಸೂಜಿಯ ಬಳಿ ಬಟ್ಟೆ ಒತ್ತಿ ಹಿಡಿದ ಮಷಿನಿನ ಲೋಹದ ಪಾದ ಮೇಲೇಳುತ್ತಿತ್ತು.

"ಚಾಚಾ, ಆ ಮೊಣಕಾಲ ತಟ್ಟಿ ಒಂದೇ ಬ್ಯಾರೆ ಸಿಗ್ತದೇನು?"

"ನಿಮಗ್ಯಾಕ್ರಿ? ಬಾಜಾ ಪೆಟ್ಟಿಗಿಗಿ ಪ್ಯಾಂಟ್ ಹೊಲಸ್ತೀರೇನು?"

"ಪಿಯಾನೊಕ್ಕ ಹಚ್ಚಬೇಕಾಗ್ಯಾದ."

ಆತ ಕನ್ನಡಕ ಹಣೆಗೆ ಏರಿಸಿ ನನ್ನನ್ನು ಪೂರಾ ನೋಡಿದ. "ಹಳೇ ಮಷಿನಿಂದು ಒಂದು ಬಿದ್ದಾದ, ಒಯ್ರಿ. ಆದ್ರ ಇದು ನಾ ಕೊಟ್ಟಿದ್ದು ಅಂತ ಯಾರ ಮುಂದೂ ಹೇಳಬ್ಯಾಡ್ರಿ. ನನಗ ಬುದ್ಧಿ ಅದ ಅಂತ ತಿಳ್ಕೊಂಡಾರ ಮಂದಿ."

ಆ ತಟ್ಟೆಯನ್ನು ಪಿಯಾನೊದ ಪಟ್ಟಿಗಳ ಕೆಳಗೆ ಕೂರಿಸಿ, ಸೈಕಲ್ಲಿನ ಬ್ರೇಕ್ ವೈರಿನಿಂದ ಒಳಗಿನ ಸನ್ನೆಕೋಲಿಗೆ ಬಿಗಿದೆ. ಮೊದಲು ವೈರು ಜಾರಿತು. ಆಮೇಲೆ ತಟ್ಟೆ ಬಹಳ ಬಿಗಿಯಾಯಿತು. ಸನ್ನೆಕೋಲಿನ ಉದ್ದ ಬದಲಿಸಿದ ಮೇಲೆ ಹೆಂಗಸಿನ ಮೊಣಕಾಲಿಗೆ ಒಗ್ಗುವಷ್ಟು ಹಗುರವಾಯಿತು. ಗುರುವಾರ ಮಧ್ಯಾಹ್ನ ಆಕೆ ಕೂತು ಬಾರಿಸಿದಳು. ಮೊಣಕಾಲು ಸರಿದಾಗಲೆಲ್ಲ ಅರವತ್ತು ಎಪ್ಪತ್ತು ಮೆತ್ತೆಗಳು ಒಂದೇ ಉಸಿರಿಗೆ ಎದ್ದು ಕೂರುತ್ತಿದ್ದವು. ಮೇಲಿನ ಸಣ್ಣ ಸ್ವರಗಳು ಗಾಜಿನ ಬಳೆಯಂತೆ ಕಿಣಿಕಿಣಿ ಅಂದು ಹಾಗೆಯೇ ಗಾಳಿಯಲ್ಲಿ ಉಳಿಯುತ್ತಿದ್ದವು. ಆಕೆ ಬಾರಿಸುವುದು ಬಿಟ್ಟು, "ಖರೇ ಹೇಳ್ತೇನಿ ಅಣ್ಣಾ, ಕಾಲಿಗಿಂತ ಇದೇ ಚಲೋ ಅದ" ಎಂದು ನಕ್ಕಳು.

ಅಲ್ಲಿಗೆ ಕೈ ತೊಳೆದುಕೊಂಡು ಮನೆಗೆ ಹೋಗಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ವೈರಿನ ನಟ್ಟು ಸಡಿಲಾಗಿದೆಯೇ ನೋಡಲು ಹೊರಟೆ. ನಮ್ಮ ಮನೆಯವಳು, "ಇವತ್ತ ನಟ್ಟು ನೋಡ್ತೀರಿ, ನಾಳಿ ನಟ್ಟು ನೋಡಿದ್ದ ಬರೋಬ್ಬರಿ ಇತ್ತೋ ಇಲ್ಲೋ ನೋಡ್ಲಿಕ್ಕ ಹೋಗ್ತೀರಿ" ಎಂದಳು. ಹೋದೆ. ನಟ್ಟು ಬಿಗಿಯಾಗಿಯೇ ಇತ್ತು. ಆದರೆ ಕಣ್ಣು ಬಲಗಡೆಯ ಕೊನೆಗೆ ಹೋಯಿತು. ಮೇಲಿನ ಹದಿನೆಂಟು ಸ್ವರಗಳಿಗೆ ಡ್ಯಾಂಪರೇ ಇರಲಿಲ್ಲ. ಮೆತ್ತೆ ಇಲ್ಲ, ಅದನ್ನು ಹಿಡಿಯುವ ಮರದ ತೋಳೂ ಇಲ್ಲ. ಒಂದು ಪಟ್ಟಿ ಒತ್ತಿ ಬೆರಳು ಎತ್ತಿದೆ. ಸ್ವರ ನಿಲ್ಲಲಿಲ್ಲ.

ರೋಗ! ಇಲಿ ತಿಂದಿರಬೇಕು ಎಂದುಕೊಂಡೆ. ಇಲಿ ಮರದ ತೋಳನ್ನೂ ಹೊತ್ತೊಯ್ಯುತ್ತದೆಯೇ ಎಂಬ ಅನುಮಾನ ಬಂತು. ಅದರ ಹಿಂದೆಯೇ ನಿಜವಾದ ಭಯ ಬಂತು: ಹಾಗಾದರೆ ಯಾರೋ ಬಿಚ್ಚಿ ಒಯ್ದಿದ್ದಾರೆ, ಮತ್ತು ಈ ಪೆಟ್ಟಿಗೆಯನ್ನು ಕೊನೆಗೆ ಬಿಚ್ಚಿದವನು ನಾನು. ಸೋಮವಾರ ಕಮಿಟಿಯವರು ಒಳಗೆ ಇಣುಕಿದರೆ ಏನನ್ನುತ್ತಾರೆ? ಟೀಚರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ, ಇಷ್ಟು ದಿನ ಒಳಗೆ ಕೈಯಾಡಿಸಿದವನಿಗೆ ಈಗ ಕಂಡಿತೇ ಎಂದಾಳೆಂದು ಕೇಳಲಿಲ್ಲ.

ಅಂಗಡಿಗೆ ಬಂದು ಹದಿನೆಂಟು ಸಣ್ಣ ತೋಳುಗಳನ್ನು ಕೆತ್ತಿದೆ. ಪಕ್ಕದ ಡ್ಯಾಂಪರುಗಳನ್ನು ನೋಡಿಕೊಂಡು ಹಿತ್ತಾಳೆ ತಂತಿ ಬಗ್ಗಿಸಿ ಸ್ಪ್ರಿಂಗ್ ಮಾಡಿದೆ. ಮೆತ್ತೆಗೆ ಮನ್ನಳ್ಳಿಯ ಕುರುಬರ ಕಂಬಳಿಯ ತುಂಡು, ಎರಡು ಮಡಿಕೆ. ಭಾನುವಾರ ಪೂರಾ ಶಾಲೆಯಲ್ಲಿ ಕೂತು ಒಂದೊಂದಾಗಿ ಕೂರಿಸಿದೆ. ಇವೂ ಮೊಣಕಾಲಿಗೆ ಏಳಲಿ ಎಂದು ಸನ್ನೆಕೋಲಿಗೆ ಒಂದು ತಂತಿ ಸೇರಿಸಿದೆ. ಪಟ್ಟಿ ಒತ್ತಿ ಬೆರಳು ಎತ್ತಿದೆ. ಸ್ವರ ಟಪ್ ಎಂದು ನಿಂತಿತು. ಇಷ್ಟು ಚೊಕ್ಕವಾಗಿ ಬಾಯಿ ಮುಚ್ಚಿಸಿದ ಕೆಲಸ ನನ್ನ ಕೈಯಿಂದ ಹಿಂದೆ ಆಗಿರಲಿಲ್ಲ. ಅಂದು ಹೊಟ್ಟೆ ತುಂಬ ಉಂಡೆ.

ಸೋಮವಾರ ಕಮಿಟಿಯ ಐದು ಜನ ಕುರ್ಚಿ ಹಾಕಿಕೊಂಡು ಕೂತರು. ನಾನು ಗೋಡೆಯ ಬಳಿ ನಿಂತೆ. ಆಕೆ ಶುರು ಮಾಡಿದಳು. ಕೆಳಗಿನ ಸ್ವರಗಳು ತುಂಬಿ ಬಂದವು. ಕಾರ್ಯದರ್ಶಿಯ ತಲೆ ಒಮ್ಮೆ ತೂಗಿದ್ದನ್ನೂ ಕಂಡೆ. ಆಮೇಲೆ ಆಕೆಯ ಬಲಗೈ ಮೇಲಕ್ಕೆ ಏರಿತು. ಏರಿದ ಕಡೆ ಏನೂ ಇರಲಿಲ್ಲ. ಗುರುವಾರ ಕಿಣಿಕಿಣಿ ಅಂದಿದ್ದ ಜಾಗದಲ್ಲಿ ಬೆರಳಿನ ಗೆಣ್ಣಿನಿಂದ ಬಾಗಿಲು ಬಡಿದಂತೆ ಟಕ್ ಟಕ್ ಸದ್ದು. ವೇಗದ ಬೆರಳಿಗೆ ನನ್ನ ದಪ್ಪ ಕಂಬಳಿ ತಂತಿ ಬಿಟ್ಟು ಸರಿಯುತ್ತಲೇ ಇರಲಿಲ್ಲ. ಆಕೆ ಮೊಣಕಾಲು ಜೋರಾಗಿ ದೂಡಿದಳು. ನಾನು ಸೇರಿಸಿದ್ದ ತಂತಿ ಬಾಗಿತು, ನನ್ನ ಹದಿನೆಂಟು ಮೆತ್ತೆಗಳು ಅರ್ಧ ಎದ್ದು ಅರ್ಧ ಕೂತು ತಂತಿಗಳ ಮೇಲೆ ಗುರ್ ಎಂದವು. ಆಕೆ ಮತ್ತೆ ಮೊದಲಿನಿಂದ ಬಾರಿಸಿದಳು. ಮತ್ತೆ ಹಾಗೆಯೇ ಆಯಿತು.

"ಈ ಮುದುಕಿ ಪೆಟ್ಟಿಗಿಗಿ ಮ್ಯಾಲಿನ ಹಲ್ಲ ಎಲ್ಲಾ ಉದುರ್ಯಾವ ಬಿಡ್ರಿ" ಎಂದ ಕಮಿಟಿಯ ಒಬ್ಬ. ಉಳಿದವರು ನಕ್ಕರು.

ಆಕೆ ಕೈ ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು. ನಾನು ಫ್ಯಾನ್ ನೋಡಿದೆ.

ಕಾರ್ಯದರ್ಶಿ ನನ್ನನ್ನೇ ಕೇಳಿದರು: "ನೀವ ಒಳಗ ಹೊಕ್ಕು ನೋಡಿದೋರು. ಏನಂತೀರಿ ಮೇಸ್ತ್ರಿ? ಏನಾಗ್ಯಾದ ಇದಕ್ಕ?"

ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಗುರುವಾರ ಇದ್ದದ್ದು ಸೋಮವಾರ ಇಲ್ಲ ಎಂದರೆ ನಡುವೆ ಯಾರ ಕೈ ಬಿದ್ದಿದೆ ಎಂದು ತಿಳಿಯಲು ಪಿಯಾನೊ ವಿದ್ಯೆ ಬೇಕಾಗಿಲ್ಲ. "ಒಂದ್ ತಾಸು ಕೊಡ್ರಿ, ನಾ ಹಾಕಿದ್ದು ನಾ ತೆಗೀತೇನಿ" ಎಂದರೆ ಮುಗಿಯುತ್ತಿತ್ತು. ನಾಲಿಗೆಯ ಮೇಲೆ ಬಂದದ್ದು ಬೇರೆ.

"ಹಳೇದಾಗ್ಯಾದ್ರಿ" ಎಂದೆ.

ಆಕೆ ಎದ್ದು ಮುಚ್ಚಳ ಹಾಕಿದಳು. ಆ ತಿಂಗಳು ಮುಗಿಯುವುದರೊಳಗೆ ಆಕೆಯನ್ನು ಬಿಡಿಸಿದರು. ಪಿಯಾನೊ ಹೈದರಾಬಾದಿನ ಹಳೇ ಸಾಮಾನಿನವರ ಲಾರಿ ಹತ್ತಿತು. ನನ್ನ ಮೊಣಕಾಲ ತಟ್ಟೆಯೂ ಅದರೊಂದಿಗೆ ಹೋಯಿತು.

ಆಮೇಲೆ ಯಾರದೋ ಕೈಯಿಂದ ಹೈದರಾಬಾದಿನ ಒಬ್ಬ ವಯಸ್ಸಾದ ಪಿಯಾನೊ ಕಸುಬಿನವರ ನಂಬರ್ ಸಿಕ್ಕಿತು. ಫೋನಿನಲ್ಲಿ ಕೇಳಿದೆ. ಮೇಲಿನ ಸ್ವರಗಳ ತಂತಿ ಗಿಡ್ಡವಾಗಿರುತ್ತವೆ, ತಾವಾಗಿಯೇ ಬೇಗ ತಣ್ಣಗಾಗುತ್ತವೆ, ಅದಕ್ಕೇ ಯಾವ ಪಿಯಾನೊದಲ್ಲೂ ಅಲ್ಲಿ ಡ್ಯಾಂಪರ್ ಇಡುವುದಿಲ್ಲ ಎಂದರು. ಬಿಟ್ಟಷ್ಟೂ ಉಳಿದ ಸ್ವರಗಳ ಜೊತೆ ದನಿಗೂಡಿಸಿ ಪೆಟ್ಟಿಗೆಗೆ ಬೆಳಕು ಕೊಡುತ್ತವಂತೆ. "ಹಚ್ಚಿದೋರು ಯಾರು? ನನ್ನ ಆಯುಷ್ಯದಾಗ ಕೇಳಿಲ್ಲ" ಎಂದು ನಕ್ಕರು. ನನ್ನ ಮೊಣಕಾಲ ತಟ್ಟೆಯನ್ನಾದರೂ ಹೊಗಳಲಿ ಎಂದು ಅದರ ವಿಷಯ ತೆಗೆದೆ. ಪಿಯಾನೊ ಹೊಸದಾಗಿ ಹುಟ್ಟಿದ ಕಾಲದಲ್ಲಿ ಪೆಡಲ್ ಇರಲೇ ಇಲ್ಲ, ಕೆಲವನ್ನು ಮೊಣಕಾಲಿನಿಂದಲೇ ಎತ್ತುತ್ತಿದ್ದರು, ಪಾದದ ಪೆಡಲ್ ಬಂದದ್ದು ಆಮೇಲೆ ಎಂದರು. ನಾನು ಕಂಡುಹಿಡಿದದ್ದು ಇನ್ನೂರು ವರ್ಷದ ಹಿಂದೆಯೇ ಬಿಟ್ಟುಹೋದದ್ದು. ನನ್ನ ಸ್ವಂತದ್ದು ಅಂತ ಉಳಿದದ್ದು ಆ ಹದಿನೆಂಟೇ.

ಎರಡು ವಾರ ಊಟ ಸೇರಲಿಲ್ಲ. ಒಂದು ದಿನ ರೈಲು ಹತ್ತಿ ಭಾಲ್ಕಿಗೆ ಹೋದೆ. ಆಕೆ ತಮ್ಮನ ಮನೆಯ ಪಡಸಾಲೆಯಲ್ಲಿ ಸಣ್ಣ ಮಕ್ಕಳಿಗೆ ಇಂಗ್ಲಿಷ್, ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ನಾನು ಎಲ್ಲವನ್ನೂ ಹೇಳಿದೆ. ಇಲಿ, ಕಂಬಳಿ, ಭಾನುವಾರ, ಎಲ್ಲ.

"ಗೊತ್ತಿತ್ತು" ಎಂದಳು.

"ಯಾವಾಗ್ರಿ?"

"ಬಾರಸ್ತಿದ್ದಾಗೇ. ನಂದ ಪೆಟ್ಟಿಗಿ ಅಣ್ಣಾ, ಅದರಾಗ ಏನ್ ಹೊಕ್ಕಾದ ನನಗ ತಿಳಿಯೋದಿಲ್ಲೇನು?"

"ಮತ್ತ ಆಗೇ ಯಾಕ ಹೇಳಲಿಲ್ರಿ?"

"ನಾ ಹೇಳಿದ್ರ, ಬಾರಸ್ಲಿಕ್ಕ ಬರ್ದೇ ಮೇಸ್ತ್ರಿ ಮ್ಯಾಲ ಹಾಕ್ತಾಳ ಅಂತಿದ್ರು. ನೀವ ಹೇಳಬೇಕಾಗಿತ್ತು. ಹೇಳ್ತೀರಿ ಅಂತ ನೋಡಿದೆ. ಹಳೇದಾಗ್ಯಾದ ಅಂದ್ರಿ."

ಒಳಗೆ ಮಕ್ಕಳ ಗದ್ದಲ ಜೋರಾಯಿತು. ಆಕೆ ಅತ್ತ ತಿರುಗಿ ಒಮ್ಮೆ ಗದರಿದಳು.

"ನಾಳೀನೇ ಹೋಗಿ ಕಾರ್ಯದರ್ಶಿ ಮುಂದ ಖರೇ ಹೇಳ್ತೇನ್ರಿ" ಎಂದೆ.

"ಹೇಳ್ರಿ. ಪೆಟ್ಟಿಗಿ ಹೋಗ್ಯಾದ, ನನ್ನ ಜಾಗಾಕ್ಕ ಮಂದಿ ಬಂದಾರ. ಈಗ ಹೇಳಿದ್ರ ಹಗುರಾಗೋದು ನಿಮ್ಮ ಎದಿ ಒಂದೇ. ಅದಾದ್ರೂ ಆಗ್ಲಿ." ಚಹಾ ಕುಡಿದು ಹೋಗಿರೆಂದು ಅನ್ನಲಿಲ್ಲ. ಕುಂಟುತ್ತ ಒಳಗೆ ಹೋದಳು.

ಮರುದಿನ ಹೋದೆ. ಕಾರ್ಯದರ್ಶಿ ಶಾಲೆಯ ಪ್ರಾರ್ಥನಾ ಹಾಲ್‌ನಲ್ಲೇ ಸಿಕ್ಕರು. ನಾನು ನಿಂತುಕೊಂಡೇ ಪೂರಾ ಒಪ್ಪಿಸಿದೆ. ಅವರು ಫೋನಿನಲ್ಲಿ ಏನೋ ಓದುತ್ತ, ನಡುವೆ ಎರಡು ಸಲ ಹೂಂ ಅಂದರು.

"ಆಗಿದ್ದ ಆಯ್ತು ಬಿಡ್ರಿ ಮೇಸ್ತ್ರಿ, ಅದರ ಫಿಕರ್ ಯಾಕ ಮಾಡ್ತೀರಿ? ಚಲೋ ಟೈಮಿಗಿ ಬಂದೀರಿ. ಹೊಸಾ ಕೀಬೋರ್ಡಿಂದು ಸ್ಟ್ಯಾಂಡ್ ಅಳ್ಳಾಡ್ಲಿಕ್ಕತ್ಯಾದ, ಒಂದಿಷ್ಟು ನೋಡ್ರಲ್ಲ."

ಪಿಯಾನೊ ಇದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದ್ದರು. ಬಗ್ಗಿ ನೋಡಿದೆ. ಎರಡು ಸ್ಕ್ರೂ ಸಡಿಲಾಗಿದ್ದವು. ಬಿಗಿ ಮಾಡಿದೆ, ಅಲುಗಿಸಿ ನೋಡಿದೆ, ಇನ್ನೊಮ್ಮೆ ಅಲುಗಿಸಿ ನೋಡಿ ಬಂದೆ.